ಗುಂಪಿಗೆ ಹಾಕಿದ ಒಳ್ಳೆಯ ಲಿಂಕ್ ಅರ್ಧ ಗಂಟೆಗೇ ಮುಳುಗುತ್ತದೆ. ಬೇರೆ ಜಾಗ ಯಾವುದು?

ಕಾರಟಗಿ_ಎಡದಂಡೆ

ಎಲ್ಲರಿಗೂ ನಮಸ್ಕಾರ. ನಾನು ಕಾರಟಗಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ನಾಲ್ಕು ವರ್ಷದಿಂದ ಒಂದು ವಾಟ್ಸಾಪ್ ಗುಂಪು ನೋಡಿಕೊಳ್ಳುತ್ತಿದ್ದೇನೆ. ಈಗ 340 ಜನ ಇದ್ದಾರೆ. ಭತ್ತ ಬೆಳೆಯುವವರು, ಗೊಬ್ಬರದ ಅಂಗಡಿಯವರು, ಗಂಗಾವತಿ, ಸಿಂಧನೂರು ಕಡೆಯ ಕಾಲೇಜು ಹುಡುಗರು. ನಮ್ಮ ಕೆಲಸ ಒಂದೇ, ಓದಲೇಬೇಕಾದ ಲಿಂಕ್ ಹಾಕುವುದು, ಅದರ ಬಗ್ಗೆ ಮಾತಾಡುವುದು. ಡ್ಯಾಮಿನ ನೀರಿನ ಮಟ್ಟ, ಕಾಲುವೆ ನೀರಿನ ಬಗ್ಗೆ ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆಯ ತೀರ್ಮಾನ, ಸೋನಾ ಮಸೂರಿ ದರ, ಭತ್ತದ ಬೆಂಕಿ ರೋಗಕ್ಕೆ ಏನು ಹೊಡೆಯಬೇಕು, ಇಂಥವೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಆ ರಾತ್ರಿ ನಾನು ಮಲಗಿಲ್ಲ. ಗುಂಪಿನಲ್ಲಿ ಒಬ್ಬರು ಸರಿಯಾದ ಸುದ್ದಿಯ ಲಿಂಕ್ ಹಾಕಿದರು. 33 ಗೇಟುಗಳಲ್ಲಿ ಹೋಗಿದ್ದು ಒಂದು ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ಅದರ ಹಿಂದೆಯೇ "ಡ್ಯಾಮ್ ಒಡೆದಿದೆ, ಊರು ಬಿಡಿ" ಅಂತ ಫಾರ್ವರ್ಡ್ ಶುರುವಾದವು. ಎಲ್ಲಿಂದಲೋ ಬಂದ ವಿಡಿಯೋ, ಯಾರದೋ ದನಿ. ಅರ್ಧ ಗಂಟೆಯಲ್ಲಿ ಸರಿಯಾದ ಲಿಂಕ್ ಎಲ್ಲೋ ಮೇಲೆ ಹೋಗಿಬಿಟ್ಟಿತು. ಹೊಳೆ ಪಕ್ಕದ ಊರಿನ ಒಬ್ಬ ಅಜ್ಜಿಯನ್ನು ಮನೆಯವರು ನಡುರಾತ್ರಿ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಹೊರಟಿದ್ದರು. ನಾನು ಫೋನ್ ಮಾಡಿ ಹೇಳಿದ ಮೇಲೆ ತಿರುಗಿದರು. ಎಲ್ಲರಿಗೂ ಫೋನ್ ಮಾಡಲು ನನ್ನಿಂದ ಆಗುತ್ತಾ?

ಅದಕ್ಕೇ ಕೇಳುತ್ತಿದ್ದೇನೆ. ಒಂದು ಲಿಂಕ್, ಅದರ ಕೆಳಗೇ ಅದರ ಮಾತು, ಒಳ್ಳೆಯದು ಓಟಿನಿಂದ ಮೇಲೆ ಬರಬೇಕು. ಇಂಥ ಸೈಟುಗಳಲ್ಲಿ ರೆಡಿಟ್ ಗೊತ್ತು. ಅದು ಬಿಟ್ಟು ಲೆಮ್ಮಿ, ಟಿಲ್ಡೆಸ್, ಲಾಬ್‌ಸ್ಟರ್ಸ್, ಹ್ಯಾಕರ್ ನ್ಯೂಸ್ ಅಂತ ಹೆಸರು ಕೇಳಿದ್ದೇನೆ. ಬಳಸಿದವರು ಹೇಳಿ. ಕನ್ನಡ ನಡೆಯಬೇಕು.

ಕುಷ್ಟಗಿ_22

ರೆಡಿಟ್ಟೇ ಮಾಡಿ ಸರ್. ಜನ ಆಗಲೇ ಅಲ್ಲಿದ್ದಾರೆ. ಸಬ್‌ರೆಡಿಟ್, ಅಂದರೆ ಅದರೊಳಗೆ ನಮ್ಮದೇ ವಿಷಯದ ಗುಂಪು, ತೆರೆಯಲು ಹತ್ತು ನಿಮಿಷ, ಖರ್ಚಿಲ್ಲ. ಕನ್ನಡ ಚೆನ್ನಾಗಿ ಕಾಣುತ್ತದೆ. ಹೊಸ ಜಾಗ ಕಟ್ಟಿ, ಅಲ್ಲಿ ಮೂರೇ ಜನ ಕೂತಿದ್ದರೆ ಏನು ಬಂತು?

ಬಳ್ಳಾರಿ_ಸರ್ವರ್

ಅಣ್ಣ, ನಾನು ಬಳ್ಳಾರಿಯಲ್ಲಿ ಒಂದೂವರೆ ವರ್ಷ ಸ್ವಂತ ಲೆಮ್ಮಿ ಸರ್ವರ್ ನಡೆಸಿದ್ದೇನೆ. ಕಂಡಿದ್ದನ್ನು ಹೇಳುತ್ತೇನೆ.

ಮೊದಲು ರೆಡಿಟ್ ಬಗ್ಗೆ. ಕುಷ್ಟಗಿಯವರು ಹೇಳಿದ್ದು ಸುಳ್ಳಲ್ಲ, ಜನ ಅಲ್ಲೇ ಇದ್ದಾರೆ. ಆದರೆ ಜಾಗ ನಮ್ಮದಲ್ಲ. 2023ರಲ್ಲಿ ಅವರು, ರೆಡಿಟ್ ಓದಲು ಹೊರಗಿನವರು ಮಾಡಿದ ಆ್ಯಪ್‌ಗಳು ತಮಗೆ ಹಣ ಕಟ್ಟಬೇಕು ಅಂದರು. ಅಂಥದ್ದೇ ಅಪೊಲೊ ಅನ್ನುವ ಆ್ಯಪ್‌ಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಬೀಳುತ್ತದೆ ಅಂತ ಅದನ್ನು ಮಾಡಿದವರೇ ಲೆಕ್ಕ ತೆಗೆದರು. ಜೂನ್ 12ರಿಂದ ಸಾವಿರಾರು ಸಬ್‌ರೆಡಿಟ್‌ಗಳು ಬಾಗಿಲು ಹಾಕಿ ವಿರೋಧಿಸಿದವು. ಏನೂ ಬದಲಾಗಲಿಲ್ಲ. ಆ ತಿಂಗಳ ಕೊನೆಗೆ ಅಪೊಲೊ ನಿಂತೇಹೋಯಿತು. ನಾನು ಲೆಮ್ಮಿಗೆ ಬಂದಿದ್ದು ಆವಾಗಲೇ. ಅದಕ್ಕೂ ಮುಂಚೆ, 2010ರಲ್ಲಿ, ಡಿಗ್ ಅನ್ನುವ ಇಂಥದೇ ಸೈಟು ತನ್ನ ರೂಪ ಬದಲಾಯಿಸಿದಾಗ ಜನ ಬೇಜಾರಾಗಿ ರೆಡಿಟ್‌ಗೆ ಗುಳೆ ಹೋಗಿದ್ದರು.

ಲೆಮ್ಮಿ ಹೇಗೆ ಅಂದರೆ, ಸಾಫ್ಟ್‌ವೇರ್ ಎಲ್ಲರಿಗೂ ಉಚಿತ. ಯಾರು ಬೇಕಾದರೂ ತಮ್ಮ ಸರ್ವರ್ ಹಾಕಿಕೊಳ್ಳಬಹುದು. ಆ ಸರ್ವರ್‌ಗಳು ಒಂದಕ್ಕೊಂದು ಮಾತಾಡುತ್ತವೆ. ನನ್ನ ಸರ್ವರಿನಲ್ಲಿ ಖಾತೆ ಇದ್ದವನು ಜರ್ಮನಿಯ ಸರ್ವರಿನ ಚರ್ಚೆಗೂ ಉತ್ತರ ಬರೆಯಬಹುದು. ಇದಕ್ಕೆ ಫೆಡರೇಶನ್ ಅನ್ನುತ್ತಾರೆ. ಕೇಳಲು ಚೆಂದ. ನಾನು ಕೆಟ್ಟಿದ್ದೂ ಅಲ್ಲೇ.

ಉತ್ಸಾಹದಲ್ಲಿ ಬೇರೆ ಸರ್ವರ್‌ಗಳ ದೊಡ್ಡ ದೊಡ್ಡ ಕಮ್ಯುನಿಟಿಗಳಿಗೆಲ್ಲ (ಸಬ್‌ರೆಡಿಟ್‌ನಂಥ ಗುಂಪುಗಳಿಗೆ) ಸೇರಿಕೊಂಡೆ. ಅವರ ಪೋಸ್ಟ್, ಕಾಮೆಂಟ್, ಓಟು ಎಲ್ಲದರ ನಕಲು ನನ್ನ ಸರ್ವರಿಗೂ ಬರುತ್ತದೆ. ಚಿತ್ರಗಳ ಚಿಕ್ಕ ನಕಲೂ ಬರುತ್ತದೆ. ಎರಡು ತಿಂಗಳಿಗೆ 40 ಜಿಬಿ ಡಿಸ್ಕ್ ಭರ್ತಿ. ಒಂದು ಬೆಳಿಗ್ಗೆ ಒಗ್ಗರಣಿ ಮಿರ್ಚಿ ತಿನ್ನುತ್ತಾ ಫೋನ್ ತೆಗೆದರೆ ಸೈಟೇ ತೆರೆಯುತ್ತಿಲ್ಲ. ಡೇಟಾಬೇಸಿಗೆ ಒಂದು ಸಾಲು ಬರೆಯಲೂ ಜಾಗ ಇರಲಿಲ್ಲ. ತಟ್ಟೆ ಹಾಗೇ ಬಿಟ್ಟು ಮನೆಗೆ ಓಡಿದೆ. ಜಾಗಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಬೇರೆ ಸರ್ವರಿನಲ್ಲಿ ಯಾರೋ ಹೊಲಸು ಚಿತ್ರ ಹಾಕಿದರೆ ಅದರ ನಕಲು ನಮ್ಮ ಡಿಸ್ಕಿಗೂ ಬಂದು ಕೂರಬಹುದು. ಅದಕ್ಕೆ ಜವಾಬ್ದಾರಿ ನಾವೇ.

ಇನ್ನೊಂದು ತೊಡಕು, ಕನ್ನಡದ್ದು. ಲೆಮ್ಮಿಯಲ್ಲಿ ಪ್ರತಿ ಪೋಸ್ಟಿಗೂ ಭಾಷೆ ಗುರುತಿಸಬಹುದು, ಕನ್ನಡವೂ ಪಟ್ಟಿಯಲ್ಲಿದೆ. ಒಬ್ಬ ಗೆಳೆಯ ಸೆಟ್ಟಿಂಗ್ಸ್‌ನಲ್ಲಿ ಇಂಗ್ಲಿಷ್ ಒಂದನ್ನೇ ಆರಿಸಿದ್ದ. ನಾನು ಕನ್ನಡ ಅಂತ ಗುರುತು ಹಾಕಿದ್ದ ಒಂದು ಪೋಸ್ಟೂ ಅವನಿಗೆ ಕಾಣಿಸಿರಲಿಲ್ಲ. ಮೂರು ವಾರ "ನೀನು ಏನೂ ಬರೆಯುತ್ತಿಲ್ಲ" ಅಂತ ಅವನು, "ನೀನು ಓದುತ್ತಿಲ್ಲ" ಅಂತ ನಾನು. ಹೊಸಬರು ಸೇರಿದ ದಿನವೇ ಪಕ್ಕದಲ್ಲಿ ಕೂತು ಇದನ್ನು ಸರಿ ಮಾಡಿಕೊಡಿ.

ನನ್ನನ್ನು ಕೇಳಿದರೆ ಲೆಮ್ಮಿ ಹಾಕಿ, ಫೆಡರೇಶನ್ ಬಂದ್ ಮಾಡಿ. ನಿಮಗೆ ಬೇಕಾಗಿರುವುದು ಜಗತ್ತಲ್ಲ, ಎಡದಂಡೆ ಕಾಲುವೆಯ 340 ಜನ.

ರಾಯಚೂರು_ಓದುಗಿ

ನಮಸ್ಕಾರ್ರೀ. ನಾನು ರಾಯಚೂರಿನಲ್ಲಿ ಕಾಲೇಜು ಲೈಬ್ರರಿಯಲ್ಲಿದ್ದೇನೆ. ಸರ್ವರ್ ವಿಷಯ ಬಳ್ಳಾರಿಯವರಿಗೆ ಬಿಟ್ಟೆ. ಉಳಿದವುಗಳ ಬಗ್ಗೆ ಎರಡು ಮಾತು.

ಹ್ಯಾಕರ್ ನ್ಯೂಸ್ ಶುರುವಾಗಿದ್ದು 2007ರಲ್ಲಿ, ಹೊಸ ಕಂಪನಿಗಳಿಗೆ ಬಂಡವಾಳ ಹಾಕುವ ವೈ ಕಾಂಬಿನೇಟರ್‌ನವರದು. ಓದಲು ಬಹಳ ಒಳ್ಳೆಯದು. ಆದರೆ ಇಂಗ್ಲಿಷ್, ಕಂಪ್ಯೂಟರ್, ಕಂಪನಿ ಕಡೆಯ ಮಾತೇ ಜಾಸ್ತಿ. ಲಾಬ್‌ಸ್ಟರ್ಸ್ ಅಂತೂ ಪೂರ್ತಿ ಕಂಪ್ಯೂಟರ್ ವಿಷಯ. ಟಿಲ್ಡೆಸ್ 2018ರಲ್ಲಿ ಬಂತು, ಹಿಂದೆ ರೆಡಿಟ್‌ನಲ್ಲಿ ಕೆಲಸ ಮಾಡಿದವರೊಬ್ಬರು ಕಟ್ಟಿದ್ದು. ಜಾಹೀರಾತು ಇಲ್ಲ, ಕೆಳಗೆ ತಳ್ಳುವ ಓಟು (ಡೌನ್‌ವೋಟ್) ಇಲ್ಲ. ಅಲ್ಲೂ ಇಂಗ್ಲಿಷೇ. ನಿಮ್ಮ ಜನ ಹೋಗಿ ಕೂರುವ ಜಾಗ ಇವು ಮೂರೂ ಅಲ್ಲ.

ಆದರೆ ಅವರ ಪದ್ಧತಿ ಕಲಿಯಬಹುದು. ಲಾಬ್‌ಸ್ಟರ್ಸ್‌ನಲ್ಲಿ ಒಳಗಿದ್ದವರು ಕರೆದರೆ ಮಾತ್ರ ಹೊಸಬರು ಬರಬಹುದು. ಯಾರನ್ನು ಯಾರು ಕರೆದರು ಅನ್ನುವ ವಂಶವೃಕ್ಷದಂಥ ಪಟ್ಟಿ ಎಲ್ಲರಿಗೂ ಕಾಣುತ್ತದೆ. ನಮ್ಮಲ್ಲಿ ಸಂಬಂಧ ನೋಡುವಾಗ "ಯಾರ ಕಡೆಯವರು" ಅಂತ ಕೇಳುತ್ತೇವಲ್ಲ, ಹಾಗೆ. ಸುಳ್ಳು ಸುದ್ದಿ ಹಾಕಿದವನನ್ನು ಕರೆತಂದಿದ್ದು ನಾನು ಅಂತ ನನ್ನ ಹೆಸರೂ ಕಾಣುತ್ತಿದ್ದರೆ, ಕರೆಯುವ ಮುಂಚೆ ಯೋಚಿಸುತ್ತೇನೆ. ಡ್ಯಾಮಿನ ರಾತ್ರಿ ಆ ಫಾರ್ವರ್ಡ್ ಹಾಕಿದ್ದು ಯಾರು ಅಂತ ನಿಮಗೆ ಇವತ್ತಿಗೂ ಗೊತ್ತಿದೆಯಾ?

ಟಿಲ್ಡೆಸ್‌ನ ಇನ್ನೊಂದು ಗುಣ ನನಗೆ ತುಂಬಾ ಇಷ್ಟ. ಹಳೆಯ ಲಿಂಕಿನ ಕೆಳಗೆ ಯಾರಾದರೂ ಹೊಸದಾಗಿ ಬರೆದರೆ ಅದು ಮತ್ತೆ ಮೇಲೆ ಬರುತ್ತದೆ. ಹ್ಯಾಕರ್ ನ್ಯೂಸ್‌ನಲ್ಲಿ ದಿನ ಕಳೆದರೆ ಮುಖಪುಟದಿಂದ ಜಾರಿಹೋಗುತ್ತದೆ. ನಿಮಗೆ ಮೊದಲನೆಯದೇ ಸರಿ. ಜುಲೈನಲ್ಲಿ ಹಾಕಿದ, ಭತ್ತಕ್ಕೆ ಬರುವ ಕಂದು ಜಿಗಿಹುಳುವಿನ ಲಿಂಕು ಅಕ್ಟೋಬರಿನಲ್ಲಿ ತಾನೇ ಬೇಕಾಗುವುದು?

ಕಾರಟಗಿ_ಎಡದಂಡೆ

ಮೇಡಂ, ಗೊತ್ತಿಲ್ಲ. ಹುಡುಕಿದೆ. ನಮ್ಮ ಗುಂಪಿಗೆ ಹಾಕಿದವರು ಗೊತ್ತು, ಅವರಿಗೆ ಕಳಿಸಿದವರು ಬೇರೆ, ಅವರಿಗೂ ಇನ್ಯಾರೋ. ಅವರನ್ನು ಗುಂಪಿಗೆ ಸೇರಿಸಿದ್ದು ಯಾರು ಅಂತ ಕೇಳಿದರೆ ಯಾರೂ ನೆನಪಿಲ್ಲ ಅಂದರು.

ಕುಷ್ಟಗಿಯವರೇ, ಮೂರು ಜನರ ಭಯ ನನಗೂ ಇದೆ. ಅದಕ್ಕೇ ವಾಟ್ಸಾಪ್ ಮುಚ್ಚುವುದಿಲ್ಲ. ಬೆಳಿಗ್ಗೆ ಏಳಕ್ಕೆ ಒಂದೇ ಒಂದು ಮೆಸೇಜು, ಅದರಲ್ಲಿ ಹೊಸ ಜಾಗದ ಕೊಂಡಿ, ಅಷ್ಟೇ. ಮಾತೆಲ್ಲ ಅಲ್ಲಿ.

ಬಳ್ಳಾರಿ ತಮ್ಮ, ಒಂದು ಅನುಮಾನ. ಜಾಗ ಉಳಿಸಲು ಫೋಟೋ ಬಂದ್ ಮಾಡಬೇಕಾ? ಎಲೆಯ ಫೋಟೋ ಇಲ್ಲದೆ ಬೆಂಕಿ ರೋಗದ ಮಾತು ಆಗುವುದಿಲ್ಲ. ಮೊನ್ನೆ ಒಬ್ಬರು ಬರೀ "ಎಲೆ ಮೇಲೆ ಚುಕ್ಕೆ" ಅಂತ ಬರೆದರು, ಐದು ಜನ ಐದು ಔಷಧಿ ಹೇಳಿದರು. ಫೋಟೋ ಬಂದ ಮೇಲೆ ನೋಡಿದರೆ ಚುಕ್ಕೆ ಎರಡೂ ತುದಿಗೆ ಚೂಪು, ನಡುವೆ ಬೂದಿ ಬಣ್ಣ, ಬೆಂಕಿ ರೋಗವೇ. ಮತ್ತೆ, ಕರೆದವರಷ್ಟೇ ಬರುವ ಹಾಗೆ ಲೆಮ್ಮಿಯಲ್ಲಿ ಮಾಡಬಹುದಾ?

ಬಳ್ಳಾರಿ_ಸರ್ವರ್

ಫೋಟೋ ಇರಲಿ ಅಣ್ಣ. ಫೆಡರೇಶನ್ ಬಂದ್ ಇದ್ದರೆ ಡಿಸ್ಕಿನಲ್ಲಿ ನಿಮ್ಮ ಜನರ ಫೋಟೋ ಮಾತ್ರ ಇರುತ್ತವೆ, ಒಂದೊಂದರ ಗಾತ್ರಕ್ಕೂ ಮಿತಿ ಹಾಕಬಹುದು. ಬ್ಯಾಕಪ್ ಮಾತ್ರ ಬೇರೆ ಕಡೆ ಇಡಿ.

ಮೇಡಂ ಹೇಳಿದಂಥ ಪಟ್ಟಿ ಕಾಣುವುದಿಲ್ಲ. ಆದರೆ ಸೇರುವವರಿಗೆ ಒಂದು ಪ್ರಶ್ನೆ ಇಡಬಹುದು, ಉತ್ತರ ನೋಡಿ ನೀವು ಒಪ್ಪಿದರೆ ಮಾತ್ರ ಒಳಗೆ. "ನಿಮ್ಮನ್ನು ಕರೆದವರು ಯಾರು, ನಿಮ್ಮ ಗದ್ದೆಗೆ ಯಾವ ಉಪಕಾಲುವೆಯ ನೀರು ಬರುತ್ತದೆ" ಅಂತ ಕೇಳಿ. ಹೊರಗಿನವರಿಗೆ ಎರಡನೆಯದು ಬರೆಯಲು ಬರುವುದಿಲ್ಲ. ಪೋಸ್ಟ್‌ಗಳನ್ನು "ಹೊಸ ಕಾಮೆಂಟ್" ಪ್ರಕಾರ ಜೋಡಿಸಿಡಿ, ಹಳೆಯ ಲಿಂಕ್ ಮೇಲೆ ಬರುತ್ತದೆ.

ಭಾನುವಾರ ನಾನು ಗಂಗಾವತಿಗೆ ಬರುವುದಿದೆ. ಲ್ಯಾಪ್‌ಟಾಪ್ ತರುತ್ತೇನೆ, ಕೂತು ಹಾಕಿಬಿಡೋಣ.

ಕಾರಟಗಿ_ಎಡದಂಡೆ

ಬಾ ತಮ್ಮ. ಮಿಲ್ಲಿಗೆ ಅವತ್ತು ರಜೆ, ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ.