40 ಡೊಮೇನ್‌ಗೆ ಯಾವ ಡಿಎನ್‌ಎಸ್ ಸರ್ವರ್? ಬೈಂಡ್, ನಾಟ್, ಪವರ್‌ಡಿಎನ್‌ಎಸ್

ಪೋರ್ಟ್53:
ಎರಡು ವಿಪಿಎಸ್‌ಗಳಲ್ಲಿ (ಬಾಡಿಗೆ ವರ್ಚುವಲ್ ಸರ್ವರ್) ಬೈಂಡ್ 9 ಎಂಬ ಡಿಎನ್‌ಎಸ್ ಸರ್ವರ್ (ಹೆಸರಿಗೆ ಐಪಿ ವಿಳಾಸ ಹೇಳುವ ತಂತ್ರಾಂಶ) ಇದೆ, ಉಬುಂಟು ಮೇಲೆ. 40 ಡೊಮೇನ್‌ಗಳ ಝೋನ್ ಫೈಲುಗಳೂ (ಹೆಸರು-ವಿಳಾಸದ ದಾಖಲೆ) ಅದರಲ್ಲೇ, ಆಫೀಸಿನ 150 ಕಂಪ್ಯೂಟರ್‌ಗಳಿಗೆ ರಿಸಾಲ್ವರ್ (ಹೊರಗಿನ ಹೆಸರುಗಳ ವಿಳಾಸ ಹುಡುಕಿ ಕೊಡುವುದು) ಕೂಡ ಅದೇ. ಈಗ ಡಿಎನ್‌ಎಸ್‌ಸೆಕ್ (ದಾಖಲೆಗಳಿಗೆ ಡಿಜಿಟಲ್ ಸಹಿ) ಹಾಕಬೇಕು. ಬೈಂಡ್‌ನಲ್ಲೇ ಇರುವುದಾ, ನಾಟ್ ಅಥವಾ ಪವರ್‌ಡಿಎನ್‌ಎಸ್‌ಗೆ ಹೋಗುವುದಾ?

ವಲಯಪಾಲ:
ಮೊದಲು ಆ ಎರಡು ಕೆಲಸ ಬೇರೆ ಮಾಡಿ. ಡೊಮೇನ್‌ಗಳಿಗೆ ಉತ್ತರ ಕೊಡುವ ಸರ್ವರ್ ಎಲ್ಲರಿಗೂ ತೆರೆದಿರಬೇಕು, ರಿಸಾಲ್ವರ್ ತೆರೆದಿರಲೇಬಾರದು. ಇಲ್ಲದಿದ್ದರೆ ಸುಳ್ಳು ಐಪಿಯಿಂದ ಬಂದ ಪುಟ್ಟ ಪ್ರಶ್ನೆಗೆ ನಿಮ್ಮ ಸರ್ವರ್ ಇನ್ಯಾರದೋ ಮೇಲೆ ದೊಡ್ಡ ಉತ್ತರ ಸುರಿಯುತ್ತದೆ. ವಿಪಿಎಸ್‌ಗಳಲ್ಲಿ ರಿಕರ್ಶನ್ (ಹೊರಗಿನ ಹೆಸರು ಹುಡುಕಿಕೊಡುವುದು) ಪೂರ್ತಿ ಆಫ್ ಮಾಡಿ. ಆಫೀಸಿನೊಳಗೆ ಅನ್‌ಬೌಂಡ್ ಎಂಬ ರಿಸಾಲ್ವರ್ ಹಾಕಿ, ಆಕ್ಸೆಸ್-ಕಂಟ್ರೋಲ್‌ನಲ್ಲಿ ಒಳಗಿನ ಸಬ್‌ನೆಟ್‌ಗೆ ಮಾತ್ರ ಅನುಮತಿ ಕೊಡಿ. ಅಲ್ಲೂ ಉಬುಂಟು ಆದರೆ ಅದರ ಒಳಗಿನ ರಿಸಾಲ್ವರ್ ಸಿಸ್ಟಮ್‌ಡಿ-ರಿಸಾಲ್ವ್‌ಡ್ 127.0.0.53ರಲ್ಲಿ ಡಿಎನ್‌ಎಸ್‌ನ 53ನೇ ಪೋರ್ಟ್ ಹಿಡಿದು ಕೂತಿರುತ್ತದೆ. ಅನ್‌ಬೌಂಡ್‌ಗೆ 0.0.0.0 (ಎಲ್ಲ ವಿಳಾಸ) ಬದಲು ಲ್ಯಾನ್ ಐಪಿ ಕೊಟ್ಟರೆ ಜಗಳವಿಲ್ಲ.

ಕೀಲಿಕೈ:
ದಾಖಲೆಗಳನ್ನು ಫೈಲಿನಲ್ಲೇ ತಿದ್ದುವುದಾದರೆ ಪವರ್‌ಡಿಎನ್‌ಎಸ್ ಬೇಡ. ಅದರ ಬಲವೆಲ್ಲ ಡೇಟಾಬೇಸ್, ಎಪಿಐ. ಟೇಬಲ್‌ಗೆ ನೇರ ಕೈಹಾಕಿ ರೆಕ್ಟಿಫೈ (ಹೆಸರುಗಳ ಕ್ರಮ ಸರಿಪಡಿಸುವ ಆಜ್ಞೆ) ಮಾಡದೆ ಬಿಟ್ಟರೆ "ಈ ಹೆಸರಿಲ್ಲ" ಎನ್ನುವ ಸಹಿ ಉತ್ತರಗಳೇ ಕೆಡುತ್ತವೆ.

ನಾಟ್ ಒಳ್ಳೆಯದೇ, ಆದರೆ ನಿಮಗೆ ಬೈಂಡ್ ಸಾಕು. 9.16ರಿಂದ ಡಿಎನ್‌ಎಸ್‌ಸೆಕ್-ಪಾಲಿಸಿ (ತಾನೇ ಸಹಿ ಹಾಕುವ ಸೆಟ್ಟಿಂಗ್) ಇದೆ. "ಡಿಫಾಲ್ಟ್" ಕೊಟ್ಟರೆ ಇಸಿಡಿಎಸ್‌ಎ ಪಿ-256 ಎಂಬ ಸಹಿ ವಿಧಾನದ ಒಂದೇ ಕೀ, 14 ದಿನದ ಸಹಿ; ಅವಧಿ ಮುಗಿಯುವ ಮುಂಚೆ ತಾನೇ ಮತ್ತೆ ಸಹಿ ಹಾಕುತ್ತದೆ. ಇನ್‌ಲೈನ್-ಸೈನಿಂಗ್ ಆನ್ ಇದ್ದರೆ ನೀವು ಬರೆದ ಫೈಲು ಹಾಗೇ ಉಳಿಯುತ್ತದೆ. ಕೆಲಸ ನಿಲ್ಲುವುದು ಹೆಚ್ಚಾಗಿ ಇಲ್ಲಿ: ಝೋನ್ ಫೈಲು, ಕೀ ಎಲ್ಲ ಇಟಿಸಿ ಕೆಳಗಿನ ಬೈಂಡ್ ಫೋಲ್ಡರ್‌ನಲ್ಲಿದ್ದರೆ ಆ್ಯಪ್‌ಆರ್ಮರ್ (ಉಬುಂಟುವಿನ ಭದ್ರತಾ ಕಾವಲು) ಬರೆಯಲು ಬಿಡುವುದಿಲ್ಲ. ವಾರ್-ಲಿಬ್-ಬೈಂಡ್ (/var/lib/bind) ಫೋಲ್ಡರ್‌ಗೆ ಸಾಗಿಸಿ.

ಮುಂದೆ ಎಂದಾದರೂ ಸಹಿ ತೆಗೆಯಬೇಕಾದರೆ ಮೊದಲು ರಿಜಿಸ್ಟ್ರಾರ್ ಬಳಿ ಡಿಎಸ್ (ಮೇಲಿನ ವಲಯದಲ್ಲಿರುವ ನಿಮ್ಮ ಕೀಯ ಗುರುತು) ತೆಗೆಸಿ, ಅದರ ಟಿಟಿಎಲ್ (ಕ್ಯಾಶ್‌ನಲ್ಲಿ ಉಳಿಯುವ ಅವಧಿ) ಮುಗಿಯುವವರೆಗೆ ಕಾಯಿರಿ. ಉಲ್ಟಾ ಮಾಡಿದರೆ ಸರ್ವ್‌ಫೇಲ್, ಅಂದರೆ ಉತ್ತರವೇ ಸಿಗದು. ಸಹಿ ಪರಿಶೀಲಿಸದ ರಿಸಾಲ್ವರ್ ಹಿಂದೆ ಇರುವವರಿಗೆ ಸೈಟ್ ತೆರೆಯುತ್ತಲೇ ಇರುತ್ತದೆ, ಹಾಗಾಗಿ ದೂರು ಅರ್ಧಂಬರ್ಧ ಬರುತ್ತದೆ. ಪರಿಶೀಲಿಸುವ ರಿಸಾಲ್ವರ್ ಅನ್ನೇ ಡಿಗ್ ಆಜ್ಞೆಯಲ್ಲಿ ಕೇಳಿ: ಪ್ಲಸ್-ಸಿಡಿ (ಸಹಿ ಪರಿಶೀಲಿಸಬೇಡ ಎಂಬ ಸೂಚನೆ) ಹಾಕಿದಾಗ ಉತ್ತರ ಬಂದು, ಹಾಕದಿದ್ದಾಗ ಸರ್ವ್‌ಫೇಲ್ ಆದರೆ ತಪ್ಪು ಡಿಎನ್‌ಎಸ್‌ಸೆಕ್‌ನದ್ದೇ.

ಪೋರ್ಟ್53:
ಬೈಂಡ್‌ನಲ್ಲಿ ಭದ್ರತಾ ದೋಷ ಜಾಸ್ತಿ ಅಂತಾರಲ್ಲ?

ವಲಯಪಾಲ:
ಕೋಡ್ ದೊಡ್ಡದು, ದೋಷ ಸಿಗುತ್ತಲೇ ಇರುತ್ತವೆ. ಆದರೆ 2024ರ ಫೆಬ್ರವರಿಯ ಕೀಟ್ರ್ಯಾಪ್ ದೋಷ ಬೈಂಡ್, ಅನ್‌ಬೌಂಡ್, ಪವರ್‌ಡಿಎನ್‌ಎಸ್ ರಿಕರ್ಸರ್ ಮೂರಕ್ಕೂ ತಟ್ಟಿತ್ತು. ಎರಡನೇ ವಿಪಿಎಸ್‌ನಲ್ಲಿ ಎನ್‌ಎಸ್‌ಡಿ ಎಂಬ ಬೇರೆ ಡಿಎನ್‌ಎಸ್ ಸರ್ವರ್ ಹಾಕಿ. ಅದು ಸಹಿ ಹಾಕುವುದಿಲ್ಲ, ಹಾಕಿದ್ದನ್ನು ಪಡೆದು ಹಂಚುತ್ತದೆ ಅಷ್ಟೆ. ಬೈಂಡ್ ಕುಸಿದರೂ ಅದು ಓಡುತ್ತಲೇ ಇರುತ್ತದೆ. ನಡುವೆ ಎಚ್‌ಮ್ಯಾಕ್-ಶಾ256 ಟಿಸಿಗ್ (ಹಂಚಿಕೊಂಡ ಗುಪ್ತ ಕೀಯ ದೃಢೀಕರಣ) ಇರಲಿ, ಎರಡೂ ಕಡೆ ಎನ್‌ಟಿಪಿ (ಗಡಿಯಾರ ಹೊಂದಿಸುವುದು) ಓಡಲಿ. ಗಡಿಯಾರ 300 ಸೆಕೆಂಡಿಗಿಂತ ಹೆಚ್ಚು ಆಚೀಚೆಯಾದರೆ ಬ್ಯಾಡ್‌ಟೈಮ್ ಎಂದು ವರ್ಗಾವಣೆ ನಿಲ್ಲುತ್ತದೆ. ಫೈರ್‌ವಾಲ್‌ನಲ್ಲಿ ಯುಡಿಪಿ ಜೊತೆ ಟಿಸಿಪಿ 53 ಕೂಡ ತೆರೆಯಿರಿ. ಯುಡಿಪಿಯಲ್ಲಿ 1232 ಬೈಟ್ ಮೀರಿದ ಉತ್ತರ ಟಿಸಿಪಿಯಲ್ಲೇ ಹೋಗಬೇಕು.