ಚಿನ್ನದ ಗಣಿ ದಿಬ್ಬದ ಕೆಳಗಿನ ಹೊಲ: ಶಹಾಬಾದ್ ಕಲ್ಲಿನ ಪುಡಿ, ಡಿಎಪಿ ಹಾಕಿ ಗಿಡ ಹಚ್ಚಬಹುದಾ?

ಎರಿಹೊಲ_ಸುರಪುರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ್ರೀ. ಯಾದಗಿರಿ ಜಿಲ್ಲಾ ಸುರಪುರ ತಾಲೂಕಿನ ಮಂಗಳೂರು ಅನ್ನೋ ಊರ ಕಡೆ ಹಳೇ ಚಿನ್ನದ ಗಣಿಯ ಬೂದಿ ಬಣ್ಣದ ಮಣ್ಣಿನ ದಿಬ್ಬ ಅದ. ಅದರ ಕೆಳಗ ಎರಡು ಎಕರೆ ಎರಿ ಹೊಲ. ಮಳಿ ಬಂದಾಗ ದಿಬ್ಬದ ಮಣ್ಣು ಹರಕೊಂಡು ಬಂದು ಹೊಲದ ಮ್ಯಾಲಿನ ಅಂಚಿನಾಗ ಕೂಡ್ತದ. ಅಲ್ಲಿ ತೊಗರಿ ಒಂದು ಗೇಣು ಬೆಳದು ಹಳದಿ ಆಗಿ ನಿಂತುಬಿಡ್ತದ. ಮಣ್ಣು ಪರೀಕ್ಷೆ ಚೀಟಿಯೊಳಗ ಪಿಎಚ್ (ಹುಳಿ-ಕ್ಷಾರದ ಅಳತಿ) 8.1, ರಂಜಕ ಕಡಿಮಿ ಅಂತ ಬಂದದ.

ಲೋಹ ಇರೋ ಮಣ್ಣಿಗೆ ಸುಣ್ಣ, ರಂಜಕ ಹಾಕಿದ್ರ ಲೋಹ ಕಟ್ಟಿ ಹಾಕ್ತದ ಅಂತ ಓದೀನಿ. ಶಹಾಬಾದ್ ಕಲ್ಲೂ ಸುಣ್ಣಕಲ್ಲೇ, ಅದರ ಪುಡಿ ಅಗ್ಗಕ್ಕ ಸಿಗ್ತದ. ಎಕರೆಗೆ ಪುಡಿ ಎಷ್ಟು, ರಂಜಕಕ್ಕ ಡಿಎಪಿ ಗೊಬ್ಬರ ಎಷ್ಟು ಹಾಕಬೇಕು? ದಿಬ್ಬದ ಮ್ಯಾಲ ಏನು ಹಚ್ಚಬೇಕು? ಆರ್ಸೆನಿಕ್ ಹೀರೋ ಜರಿಗಿಡ ಅದ ಅಂತಾರಲ್ಲ, ಅದು ನಮ್ಮ ಬಿಸಲಿಗೆ ಬರ್ತದೇನು?

ಮಣ್ಣಿನ_ರಸಾಯನ

ದಯವಿಟ್ಟು ಡಿಎಪಿ ತರಬೇಡಿ. ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಸೀಸದ ಮಣ್ಣಿನ ಮದ್ದು. ಹಳೆ ಬ್ಯಾಟರಿ ಕರಗಿಸಿದ ಜಾಗಕ್ಕೆ ರಂಜಕ ಹಾಕಿದರೆ ಸೀಸ ಅದರೊಂದಿಗೆ ಸೇರಿ ಕರಗದ ಲವಣವಾಗುತ್ತದೆ. ನಿಮ್ಮ ಕಡೆಯ ಚಿನ್ನದ ಅದಿರಿನ ಜೊತೆ ಬರುವುದು ಆರ್ಸೆನೋಪೈರೈಟ್, ಅಂದರೆ ಕಬ್ಬಿಣ, ಆರ್ಸೆನಿಕ್, ಗಂಧಕ ಕೂಡಿದ ಖನಿಜ. ಗಾಳಿ, ನೀರು ತಾಗಿ ಅದು ಒಡೆದಾಗ ಆರ್ಸೆನಿಕ್ ಆರ್ಸೆನೇಟ್ ಆಗುತ್ತದೆ. ಆರ್ಸೆನೇಟ್ ಮತ್ತು ಡಿಎಪಿಯಲ್ಲಿ ರಂಜಕ ಇರುವ ರೂಪವಾದ ಫಾಸ್ಫೇಟ್ ಒಂದೇ ಅಚ್ಚಿನವು. ಎರಡೂ ಮಣ್ಣಿನೊಳಗಿನ ಕಬ್ಬಿಣದ ತುಕ್ಕಿನ ಮೇಲೆ ಒಂದೇ ಜಾಗ ಹಿಡಿದು ಕೂರುತ್ತವೆ. ಡಿಎಪಿ ಸುರಿದರೆ ಫಾಸ್ಫೇಟ್ ಬಂದು ಆರ್ಸೆನೇಟನ್ನು ಎಬ್ಬಿಸಿ ನೀರಿಗೆ ತಳ್ಳುತ್ತದೆ. ಕಿರದಳ್ಳಿ ತಾಂಡಾದ ಜನ ಬೋರ್‌ವೆಲ್ ನೀರಿನ ಆರ್ಸೆನಿಕ್‌ನಿಂದ ಎಷ್ಟು ನರಳಿದರು ಎಂಬುದು ನಿಮ್ಮ ತಾಲೂಕಿನವರಿಗೆ ಹೇಳಬೇಕಾಗಿಲ್ಲ.

ಸುಣ್ಣದ ಕಥೆಯೂ ಹಾಗೇ. ಸತು, ಕ್ಯಾಡ್ಮಿಯಂ, ತಾಮ್ರ ಇವು ಪಿಎಚ್ ಏರಿದಂತೆ ಕಟ್ಟಿಕೊಳ್ಳುತ್ತವೆ. ಆರ್ಸೆನೇಟ್ ತದ್ವಿರುದ್ಧ: ಪಿಎಚ್ 8.5 ದಾಟಿತೆಂದರೆ ತುಕ್ಕಿನ ಮೇಲ್ಮೈಯೇ ಋಣ ವಿದ್ಯುದಂಶ ಪಡೆದು ಅದನ್ನು ದೂರ ತಳ್ಳುತ್ತದೆ. ನಿಮ್ಮದು ಈಗಲೇ 8.1.

ಇನ್ನು ಆ ಚೀಟಿ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಆರ್ಸೆನಿಕ್ ನೋಡುವುದೇ ಇಲ್ಲ. ಸತು, ಕಬ್ಬಿಣಕ್ಕೆ ಬಳಸುವ ಡಿಟಿಪಿಎ ದ್ರಾವಣದಿಂದ ಆರ್ಸೆನಿಕ್ ಅಳೆಯಿಸಿದರೂ ಅರ್ಥವಿಲ್ಲ. ಐಸಿಪಿ ಯಂತ್ರ (ಲೋಹ, ಆರ್ಸೆನಿಕ್‌ಗಳನ್ನು ತೀರಾ ಸಣ್ಣ ಪ್ರಮಾಣದಲ್ಲೂ ಅಳೆಯುವಂಥದ್ದು) ಇರುವ ಪ್ರಯೋಗಾಲಯಕ್ಕೆ ಕಳಿಸಿ ಎರಡು ಅಂಕಿ ಕೇಳಿ: ಆಮ್ಲದಲ್ಲಿ ಕರಗಿಸಿ ಅಳೆದ ಒಟ್ಟು ಆರ್ಸೆನಿಕ್, ಮತ್ತು ಒಂದು ಪಾಲು ಮಣ್ಣು ಹತ್ತು ಪಾಲು ನೀರಿನಲ್ಲಿ ಕುಲುಕಿ ಸೋಸಿದಾಗ ಬರುವ ಆರ್ಸೆನಿಕ್. ಗಿಡಕ್ಕೂ ಬಾವಿಗೂ ತಾಗುವುದು ಎರಡನೆಯದು. ಮಾದರಿ ತೆಗೆಯುವಾಗ ಅಂಚಿನ ಪಟ್ಟಿಯನ್ನು 10 ಮೀಟರ್ ಚೌಕಗಳಾಗಿ ಗುರುತಿಸಿ, ಪ್ರತಿ ಚೌಕದ ಐದು ಕಡೆಯಿಂದ 0–15 ಸೆಂ.ಮೀ. ಮಣ್ಣು ಬೆರೆಸಿ, 15–30 ಬೇರೆಯಾಗಿಡಿ. ಜಿಂಕ್ ಲೇಪದ ಬುಟ್ಟಿ ಬೇಡ, ಪ್ಲಾಸ್ಟಿಕ್ ಸಾಕು. ಹೊಲದ ಕೆಳತುದಿಯಿಂದಲೂ ಒಂದು ಮಾದರಿ ಇರಲಿ, ಹೋಲಿಸಲು ಬೇಕು.

ಲಾವಂಚ_ಸಾಲು

ದಿಬ್ಬ ಬೇರೆ, ಹೊಲ ಬೇರೆ. ದಿಬ್ಬವನ್ನು ಅಲುಗಾಡದಂತೆ ಹಿಡಿಯದೆ ಹೊಲಕ್ಕೆ ಏನು ಹಾಕಿದರೂ ಮುಂದಿನ ಮಳೆಗೆ ಹೊಸ ಬೂದಿ ಮಣ್ಣು ಬಂದು ಕೂರುತ್ತದೆ. ದಿಬ್ಬ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಮುಟ್ಟುವ ಮುಂಚೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಬರೆದು ಒಪ್ಪಿಗೆ ಪಡೆಯಿರಿ.

ಮೇ ತಿಂಗಳೊಳಗೆ ದಿಬ್ಬದ ಮೇಲ್ಭಾಗದಲ್ಲಿ ಕಾಲುವೆ ತೆಗೆದು ಹೊರಗಿನ ನೀರನ್ನು ಪಕ್ಕಕ್ಕೆ ತಿರುಗಿಸಿ. ಇಳಿಜಾರು ಕಡಿದಾಗಿದ್ದರೆ ಒಂದು ಎತ್ತರಕ್ಕೆ ಮೂರು ಅಗಲ ಬರುವಷ್ಟು ಚಪ್ಪಟೆ ಮಾಡಿ. ಅದಕ್ಕಿಂತ ಕಡಿದಾದರೆ ಹೊದಿಕೆ ಜಾರುತ್ತದೆ. ನೀರು ಚಿಮುಕಿಸದೆ ಜೆಸಿಬಿ ಹಚ್ಚಬೇಡಿ, ಆ ಧೂಳೇ ವಿಷ. ಎರಿ ಮಣ್ಣನ್ನೇ ಹೊದಿಸುವವರಿದ್ದಾರೆ, ಆದರೆ ಬೇಸಿಗೆಯಲ್ಲಿ ಅದು ಅಂಗೈ ಅಗಲ ಬಿರಿಯುತ್ತದೆ, ಮೊದಲ ಮಳೆ ನೇರ ಒಳಗೆ ಇಳಿಯುತ್ತದೆ. ಕೆಳಗೆ 15 ಸೆಂ.ಮೀ. ಒಡೆದ ಜಲ್ಲಿ, ಮೇಲೆ 30–45 ಸೆಂ.ಮೀ. ಮುರುಮ ಹಾಕಿ. ಜಲ್ಲಿ ಬಿಟ್ಟರೆ ಏಪ್ರಿಲ್‌ನಲ್ಲಿ ಕೆಳಗಿನ ಉಪ್ಪು ತೇವದ ಜೊತೆ ಮೇಲೇರಿ ಬಿಳಿ ಪದರ ಕಟ್ಟುತ್ತದೆ, ಸಸಿಯ ಬುಡ ಸುಡುತ್ತದೆ.

ನೆಡಲು ನಾನು ಹೇಳುವುದು ಲಾವಂಚ. ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ, ಗೌಂಡಿಗಳ ಲೆವೆಲ್ ಪೈಪಿನಿಂದ ಮಟ್ಟ ಹಿಡಿದು, ದಿಬ್ಬ ಒಂದು ಮೀಟರ್ ಇಳಿದಲ್ಲೆಲ್ಲ ಒಂದು ಅಡ್ಡ ಸಾಲು. ಎರಡು ಮೂರು ಕವಲಿರುವ ಬುಡ, ಎಲೆ 20 ಸೆಂ.ಮೀ.ಗೆ ಕತ್ತರಿಸಿ, 15 ಸೆಂ.ಮೀ.ಗೊಂದು. 100 ಮೀಟರ್ ಸಾಲಿಗೆ ಸುಮಾರು 670 ಬುಡ ಬೇಕು. ಸತ್ತದ್ದನ್ನು ತುಂಬಲು 70 ಹೆಚ್ಚು ಇಟ್ಟುಕೊಳ್ಳಿ, ಏಕೆಂದರೆ ಸಾಲಿನಲ್ಲಿ ಒಂದು ಕಂಡಿ ಬಿದ್ದರೆ ನೀರೆಲ್ಲ ಅಲ್ಲೇ ನುಗ್ಗಿ ಕೊರಕಲು ಮಾಡುತ್ತದೆ. ಸೆಪ್ಟೆಂಬರ್ ದಾಟಿ ನೆಟ್ಟರೆ ಬೇರು ಇಳಿಯುವ ಮೊದಲೇ ಬೇಸಿಗೆ ಬರುತ್ತದೆ. ಸಾಲುಗಳ ನಡುವೆ ಗರಿಕೆ, ಹೊಂಗೆ, ಬೇವು. ಸುತ್ತ ಕತ್ತಾಳೆ ಬೇಲಿ, ಕುರಿ ಮೇಕೆ ಒಳಬರಬಾರದು. ಸರ್ಕಾರಿ ಜಾಲಿ ತಾನೇ ಬೆಳೆಯುತ್ತದೆ ನಿಜ, ಆದರೆ ಅದರ ಕಾಯಿಗೇ ಮೇಕೆ ಬರುತ್ತದೆ.

ಒಂದು ಎಚ್ಚರಿಕೆ, ಇದನ್ನು ಮಕ್ಕಳಿಗೂ ಹೇಳಿಡಿ: ಲಾವಂಚ ಲೋಹವನ್ನು ಹೆಚ್ಚಾಗಿ ಬೇರಿನಲ್ಲೇ ಇಟ್ಟುಕೊಳ್ಳುತ್ತದೆ. ದಿಬ್ಬದ ಬೇರನ್ನು ಕಿತ್ತು ಮಾರಬಾರದು, ಕುಡಿಯುವ ನೀರಿನ ಕೊಡಕ್ಕೆ ಹಾಕಲೇಬಾರದು.

ಜರಿಗಿಡ ಟೆರಿಸ್ ವಿಟಾಟಾ. ಅದು ಆರ್ಸೆನಿಕ್ ಹೀರುವುದು 2001ರಲ್ಲಿ ಫ್ಲೋರಿಡಾದಲ್ಲಿ ತಿಳಿದದ್ದು, ನಿಜವಾಗಿಯೂ ಹೀರುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 850 ಟನ್. ಅದರಲ್ಲಿ ಕಿಲೋಗೆ 100 ಮಿಲಿಗ್ರಾಂ ಇಳಿಸಬೇಕೆಂದರೆ 85 ಕಿಲೋ ಆರ್ಸೆನಿಕ್ ಹೊರಹೋಗಬೇಕು. ವರ್ಷಕ್ಕೆ 2 ಟನ್ ಒಣ ಎಲೆ, ಕಿಲೋಗೆ 3 ಗ್ರಾಂ ಎಂದು ಉದಾರವಾಗಿ ಹಿಡಿದರೂ ಹೋಗುವುದು 6 ಕಿಲೋ. ಹದಿನಾಲ್ಕು ವರ್ಷ, ಅದೂ ನೆರಳು, ನೀರು ಕೊಟ್ಟು. ಕತ್ತರಿಸಿದ ವಿಷದ ಎಲೆ ಎಲ್ಲಿ ಹಾಕುತ್ತೀರಿ? ಯಾದಗಿರಿಯ ಬಯಲಿಗೆ ಅದು ದಾರಿಯಲ್ಲ.

ಎರಿಹೊಲ_ಸುರಪುರ

ಭಾಳ ಉಪಕಾರ ಆತ್ರೀ. ಡಿಎಪಿ ಕೈಬಿಟ್ಟೆ. ಹಂಗಾದ್ರ ಹೊಲದ ಅಂಚಿಗೆ ಏನು ಹಾಕಲಿ? ತಿಪ್ಪಿ ಗೊಬ್ಬರ ಜಾಸ್ತಿ ಹಾಕಿ, ಬದು ಎತ್ತರ ಮಾಡಿ ನೀರು ನಿಲ್ಲಿಸಿದ್ರ ಮಣ್ಣು ತೊಳೀತದೇನು?

ಮಣ್ಣಿನ_ರಸಾಯನ

ಬೇಡ, ಅದು ಡಿಎಪಿಗಿಂತ ಕೆಟ್ಟದ್ದು. ನೀರು ನಿಂತು ಗೊಬ್ಬರ ಕೊಳೆತರೆ ಮಣ್ಣಿನ ಉಸಿರು ಕಟ್ಟುತ್ತದೆ, ಕಬ್ಬಿಣದ ತುಕ್ಕೇ ಕರಗುತ್ತದೆ, ಅದು ಹಿಡಿದಿದ್ದ ಆರ್ಸೆನಿಕ್ ಎಲ್ಲ ಒಮ್ಮೆಲೇ ಬಿಡುಗಡೆ. ಬದು ಒಡೆದು ನೀರು ಹರಿಯಲು ಬಿಡಿ, ಹರಿದದ್ದು ಬಾವಿ ಕಡೆಗೆ ಹೋಗದಂತೆ ನೋಡಿ. ಚೆನ್ನಾಗಿ ಕಳಿತ ಗೊಬ್ಬರ ಸಸಿಯ ಗುಣಿಗೆ ಮಾತ್ರ, ಒಂದೆರಡು ಕಿಲೋ. ಸಾರಜನಕಕ್ಕೆ ಅಮೋನಿಯಂ ಸಲ್ಫೇಟ್ ಕೊಡಿ.

ನಿಮಗೆ ಬೇಕಾದದ್ದು ಕಬ್ಬಿಣ, ಅಂದರೆ ಹಸಿರು ಅನ್ನಭೇದಿ (ಫೆರಸ್ ಸಲ್ಫೇಟ್). ಅದು ಮಣ್ಣಿನಲ್ಲಿ ಹೊಸ ತುಕ್ಕಾಗಿ ಆರ್ಸೆನೇಟನ್ನು ಹಿಡಿಯುತ್ತದೆ. ತುಕ್ಕಾಗುವಾಗ ಆಮ್ಲ ಹುಟ್ಟುತ್ತದೆ. 100 ಕಿಲೋ ಅನ್ನಭೇದಿಯ ಆಮ್ಲ ತೀರಿಸಲು 36 ಕಿಲೋ ಶುದ್ಧ ಸುಣ್ಣಕಲ್ಲಿನ ಪುಡಿ ಬೇಕು. ಶಹಾಬಾದ್ ಕಲ್ಲಿನಲ್ಲಿ ಸಿಲಿಕಾ, ಜೇಡಿಯೂ ಇರುವುದರಿಂದ 45 ಎಂದಿಟ್ಟುಕೊಳ್ಳಿ. ನಿಮ್ಮ ಅಗ್ಗದ ಪುಡಿಗೆ ಕೆಲಸ ಇರುವುದು ಇಲ್ಲಿ. ಅದಕ್ಕೂ ಮೊದಲು ಮಣ್ಣಿನ ಹೆಂಟೆಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಡಿ. ಬುಸ್ಸೆಂದು ನೊರೆ ಬಂದರೆ ಎರಿಯಲ್ಲೇ ಸುಣ್ಣ ಸಾಕಷ್ಟಿದೆ, ಪುಡಿ ಬೇಡ. ಬೂದಿ ಮಣ್ಣು ದಪ್ಪಗೆ ಕೂತಲ್ಲಿ ನೊರೆ ಬರದಿದ್ದರೆ ಹಾಕಲೇಬೇಕು, ಇಲ್ಲವಾದರೆ ಅಲ್ಲಲ್ಲಿ ಪಿಎಚ್ 4ಕ್ಕೆ ಇಳಿದು ಬೇರೆ ಲೋಹಗಳು ಕರಗಿ ಸಸಿ ಸಾಯುತ್ತದೆ.

ಮೊದಲು ಬಕೆಟ್‌ನಲ್ಲಿ ನೋಡಿ. ನಾಲ್ಕು ಬಕೆಟ್, ತಲಾ 5 ಕಿಲೋ ಮಣ್ಣು: ಒಂದು ಹಾಗೇ, ಒಂದಕ್ಕೆ 50 ಗ್ರಾಂ ಅನ್ನಭೇದಿ, ಒಂದಕ್ಕೆ 100, ಒಂದಕ್ಕೆ ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣು ಅರೆದು 500 ಗ್ರಾಂ. ಜಂಬಿಟ್ಟಿಗೆಯಲ್ಲಿ ಕಬ್ಬಿಣದ ತುಕ್ಕು ಮೊದಲೇ ಇದೆ, ಆಮ್ಲದ ಕಾಟವಿಲ್ಲ; ನಿಧಾನ, ಆದರೆ ನನಗೆ ಅದೇ ಇಷ್ಟ. ತೇವ ಇಟ್ಟು, ವಾರಕ್ಕೊಮ್ಮೆ ಕಲಸಿ, ನಾಲ್ಕು ವಾರ ಆದಮೇಲೆ ನೀರಿನಲ್ಲಿ ಕುಲುಕಿ ಸೋಸುವ ಪರೀಕ್ಷೆಗೆ ಕಳಿಸಿ. 50 ಗ್ರಾಂ ಸಾಕೆಂದು ಬಂದರೆ ಹೊಲದಲ್ಲಿ 15 ಸೆಂ.ಮೀ. ಆಳಕ್ಕೆ ಚದರ ಮೀಟರಿಗೆ 2.1 ಕಿಲೋ, ಗುಂಟೆಗೆ ಸುಮಾರು 212 ಕಿಲೋ ಬೀಳುತ್ತದೆ. ಎರಡು ಎಕರೆಗೂ ಹಾಕುವ ಮಾತಲ್ಲ, ಕೆಟ್ಟ ಅಂಚಿಗಷ್ಟೇ. ಎರಡು ಕಂತಾಗಿ, ರೋಟವೇಟರ್‌ನಲ್ಲಿ ಬೆರೆಸಿ, ನೆಡುವ ಮೂರು ವಾರ ಮುಂಚೆ ಮುಗಿಸಿ. ಜೋರು ಮಳೆಯ ಮುನ್ಸೂಚನೆ ಇದ್ದ ದಿನ ಹಾಕಬೇಡಿ, ಕರಗಿ ಕೊಚ್ಚಿಹೋಗುತ್ತದೆ.

ನೀರಿನಲ್ಲಿ ಕುಲುಕಿ ಸೋಸಿದ ಆರ್ಸೆನಿಕ್‌ನ ಅಂಕಿ ಇಳಿಯುವತನಕ ಆ ಪಟ್ಟಿಯಲ್ಲಿ ತೊಗರಿ, ಸೊಪ್ಪು, ಮೇವು ಏನೂ ಬೇಡ, ಹೊಂಗೆ ಹಚ್ಚಿ. ಮತ್ತೆ ಹೊಲದ ಬೋರ್‌ವೆಲ್ ನೀರನ್ನು ಈ ವಾರವೇ ಆರ್ಸೆನಿಕ್ ಪರೀಕ್ಷೆಗೆ ಕೊಡಿ. ಲೀಟರಿಗೆ 10 ಮೈಕ್ರೋಗ್ರಾಂ ದಾಟಿದ್ದರೆ ಕುಡಿಯುವುದನ್ನು, ಅಡುಗೆಗೆ ಬಳಸುವುದನ್ನು ಅವತ್ತೇ ನಿಲ್ಲಿಸಿ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ.