ಅಪ್‌ಡೇಟ್: ಅಪ್ಪನ ಪಿಎಂ ಕಿಸಾನ್ ಖಾತೆಗೆ ಹೊಸ ಮೊಬೈಲ್ ಸಂಖ್ಯೆ ಸೇರಿತು

ಅಪ್ಪನ ಹಳೆಯ ಸಿಮ್ ಬಂದ್ ಆಗಿದೆ, ಇ-ಕೆವೈಸಿ (ಆನ್‌ಲೈನ್ ಗುರುತು ದೃಢೀಕರಣ) ಮಾಡಲು ಹೋದರೆ ಒಟಿಪಿ ಆ ಸಂಖ್ಯೆಗೇ ಹೋಗುತ್ತಿದೆ, ಏನು ಮಾಡಲಿ ಎಂದು ಹೋದ ವಾರ ಕೇಳಿದ್ದೆ. ಕೆಲಸ ಆಯಿತು. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ಮೊದಲು ಬ್ಯಾಂಕಿನಲ್ಲಿ ಸಂಖ್ಯೆ ಬದಲಿಸಿದೆವು. ಅದರಿಂದ ಬ್ಯಾಂಕಿನ ಸಂದೇಶಗಳು ಹೊಸ ಸಂಖ್ಯೆಗೆ ಬರತೊಡಗಿದವು, ಅಷ್ಟೇ. ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ಸಂಖ್ಯೆಗೆ. ಹಾಗಾಗಿ "ಮೊದಲು ಆಧಾರ್ ಸರಿಪಡಿಸಿ" ಎಂದವರ ಮಾತೇ ನಿಜವಾಯಿತು.

ಸೋಮವಾರ ಅಪ್ಪನನ್ನು ಗದಗಿಗೆ ಕರೆದುಕೊಂಡು ಹೋಗಿ ಅಂಚೆ ಕಚೇರಿಯ ಆಧಾರ್ ಕೌಂಟರಿನಲ್ಲಿ ಕೂರಿಸಿದೆ. ಹೆಬ್ಬೆರಳು ಒತ್ತಿದರು, ಒರೆಸಿ ಮತ್ತೆ ಒತ್ತಿದರು, ಯಂತ್ರ ಒಪ್ಪಲಿಲ್ಲ. ನಲವತ್ತು ವರ್ಷ ಕುಂಟೆ, ಕುಡುಗೋಲು ಹಿಡಿದ ಕೈ, ಗೆರೆಗಳೇ ಸವೆದಿವೆ. ಅಪ್ಪನ ಮುಖ ಸಣ್ಣದಾಯಿತು. ಕೌಂಟರಿನಲ್ಲಿದ್ದ ಹೆಣ್ಣುಮಗಳು "ಚಿಂತೆ ಮಾಡಬೇಡಿ ಅಜ್ಜಾ, ಕಣ್ಣು ತೋರಿಸಿ" ಎಂದು ಕಣ್ಣಿನ ಪಾಪೆ ಸ್ಕ್ಯಾನ್ ಮಾಡಿದರು. ಒಂದೇ ಸಲಕ್ಕೆ ಆಯಿತು. ಮೊಬೈಲ್ ಸಂಖ್ಯೆ ಬದಲಿಸಲು ಯಾವ ದಾಖಲೆಯೂ ಬೇಡ ಎಂಬುದು ನನಗೆ ಗೊತ್ತೇ ಇರಲಿಲ್ಲ. ಒಂದು ಚೀಲ ತುಂಬ ಕಾಗದ ಒಯ್ದಿದ್ದೆ. ಶುಲ್ಕ 75 ರೂಪಾಯಿ. ಆದರೆ ಕೌಂಟರಿಗೆ ಆಧಾರ್ ಯಾರದೋ ಅವರೇ ಖುದ್ದಾಗಿ ಬರಬೇಕು.

ನಾಲ್ಕನೆಯ ದಿನ ಆಧಾರ್ ನವೀಕರಣವಾದ ಸಂದೇಶ ಬಂತು. ಆಮೇಲೆ ಪಿಎಂ ಕಿಸಾನ್ ಜಾಲತಾಣದಲ್ಲಿ ಮೊಬೈಲ್ ಸಂಖ್ಯೆ ಬದಲಿಸಿ, ಇ-ಕೆವೈಸಿಯನ್ನೂ ಮುಗಿಸಿದೆ. ಆಧಾರ್ ಕೌಂಟರಿನಲ್ಲಿ ಕೊಡುವ ರಸೀದಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ, ಅದರಲ್ಲಿರುವ ಸಂಖ್ಯೆಯಿಂದಲೇ ಅರ್ಜಿ ಎಲ್ಲಿಗೆ ಬಂತೆಂದು ನೋಡಬಹುದು. ಮುಂದಿನ ಕಂತಿನ 2,000 ರೂಪಾಯಿ ಜಮೆಯಾದ ದಿನ ಇಲ್ಲೇ ಬರೆಯುತ್ತೇನೆ.